ಹದಿನಾಲ್ಕು ಚೀಲಗಳ ಪರೀಕ್ಷಾ ಹಾರಾಟ

2004ನೇ ಇಸವಿ, ನವರಾತ್ರಿ ಶುರುವಾಗುವ ಹಿಂದಿನ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ ನಾನು ನಮ್ಮೂರ ಏರಿನ ಎರಡನೆಯ ತಿರುವಿನಲ್ಲಿ, ಕರೆಂಟು ಕಂಬದ ಬುಡದಲ್ಲಿ ನಿಂತಿದ್ದೆ. ಶಿರಸಿ–ಸಿದ್ದಾಪುರ ರಸ್ತೆಯ ಕ್ರಾಸಿನಿಂದ ಅಲ್ಲಿಗೆ ಒಂದೂವರೆ ಕಿಲೋಮೀಟರು. ಅಲ್ಲಿಂದ ಊರಿಗೆ ಇನ್ನೊಂದೂವರೆ. ಮೇಲೆ ಹತ್ತುವಾಗ ಆ ತಿರುವು ಬಲಕ್ಕೆ ಹೊರಳುತ್ತದೆ. ಬಲಗಡೆ ದರೆ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಗೋಡೆ; ಎಡಗಡೆ ಇಳಿಜಾರು. ನಾನು ದರೆಯ ಕಡೆ ಇದ್ದೆ. ಕಂಬಕ್ಕೂ ರಸ್ತೆಗೂ ನಡುವೆ ನಾಲ್ಕು ಹೆಜ್ಜೆ. ಅದನ್ನು ಆಮೇಲೆ ಎಷ್ಟೋ ಸಲ ಹೋಗಿ ಅಳೆದಿದ್ದೇನೆ.

ನಾನು ಊರಿನ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷ ತೂಕ ಬರೆದವನು. ಕಾಲು ಕಿಲೋ ಹೆಚ್ಚು ಕಡಿಮೆಯಾದರೆ ನನಗೆ ಊಟ ಸೇರುತ್ತಿರಲಿಲ್ಲ. ಈ ಗುಣ ನೋಡಿಯೇ ಊರಿನವರು ಆ ದಿನ ನನ್ನನ್ನು ಸಾಕ್ಷಿಯಾಗಿ ಆ ತಿರುವಿನಲ್ಲಿ ನಿಲ್ಲಿಸಿದ್ದರು. ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಅರ್ಧ ಹೇಳಿದೆ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಅಮೇರಿಕದ ಒಂದು ಮರುಭೂಮಿಯಲ್ಲಿ. ಆ ವರ್ಷ ಜೂನ್ ತಿಂಗಳಲ್ಲಿ ಅಲ್ಲಿಯ ಖಾಸಗಿಯವರು ತಾವೇ ಕಟ್ಟಿದ ಒಂದು ಪುಟ್ಟ ವಿಮಾನವನ್ನು ಬಾಹ್ಯಾಕಾಶದ ಅಂಚಿಗೆ ಮುಟ್ಟಿಸಿ ತಂದರು. ಸರಕಾರದ ಒಂದು ಮೊಳೆಯೂ ಅದರಲ್ಲಿರಲಿಲ್ಲವಂತೆ. ನಮ್ಮಲ್ಲಿ ಪೇಪರು ಮಧ್ಯಾಹ್ನದ ಬಸ್ಸಿಗೆ ಕ್ರಾಸಿಗೆ ಬಂದು, ಯಾರದೋ ಕಂಕುಳಲ್ಲಿ ಮೂರು ಕಿಲೋಮೀಟರು ಏರಿ, ಬೆವರು ಕುಡಿದುಕೊಂಡು ಸೊಸೈಟಿಯ ಜಗಲಿ ತಲುಪುತ್ತಿತ್ತು. ಜಗತ್ತಿನ ಮೊದಲ ಖಾಸಗಿ ಬಾಹ್ಯಾಕಾಶಯಾನದ ಸುದ್ದಿಯೂ ಹಾಗೆ ನಡೆದುಕೊಂಡೇ ಬಂತು. ಅದನ್ನು ಗಟ್ಟಿಯಾಗಿ ಓದಿದವನು ನನ್ನ ಭಾವ, ಅಂದರೆ ಅಕ್ಕನ ಗಂಡ.

ಭಾವ ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ನಮ್ಮೂರ ಏರಿಗೆ ಬಸ್ಸು ಬಿಡಿ ಎಂದು ಊರಿನವರು ಅರ್ಜಿ ಕೊಟ್ಟಾಗಲೆಲ್ಲ ಯಾರಾದರೂ ಬಂದು ನೋಡಿ ಆಗುವುದಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಒಂದು ಸಲ ಹಾಗೆ ಹೇಳಿದವನು ಭಾವನೇ. ಕಾಕಿ ಬಟ್ಟೆಯಲ್ಲಿ ಬಂದು, ತಿರುವಿನಲ್ಲಿ ನಿಂತು, ಈ ರಸ್ತೆಗೆ ಜನ ಹೊರುವ ಗಾಡಿ ಹತ್ತುವುದು ಸಾಧ್ಯವೇ ಇಲ್ಲ ಎಂದು ಅಭಿಪ್ರಾಯ ಕೊಟ್ಟು, ಆಮೇಲೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಕಾಕಿ ಬಿಚ್ಚಿದ ಮೂರು ವರ್ಷಕ್ಕೆ ಅದೇ ಏರು ಅವನ ಕಣ್ಣಿಗೆ ಸುಲಭವಾಗಿ ಕಾಣತೊಡಗಿತು.

ಪೇಪರಿನಲ್ಲಿ ಅವನಿಗೆ ಹಿಡಿಸಿದ ಸಂಗತಿ ಎರಡು. ವಿಮಾನ ಹಾರಿಸಿದವನು ಅರವತ್ತು ದಾಟಿದ ಮನುಷ್ಯ; ಅಷ್ಟು ಎತ್ತರದಲ್ಲಿ ಅವನು ಜೇಬಿನಿಂದ ಬಣ್ಣದ ಮಿಠಾಯಿ ತೆಗೆದು ತೇಲಿಬಿಟ್ಟು ನೋಡಿದನಂತೆ. ಭಾವನಿಗೆ ಆಗ ಅರವತ್ತೊಂದು. ಹಿಂದಿನ ವರ್ಷ ಅವನು ಸ್ಕೂಟರ್ ಸಮೇತ ಚರಂಡಿಗಿಳಿದು, ಪಂಚಾಯತಿಯವರು ಹೇಳದೆ ಕೇಳದೆ ಚರಂಡಿ ಅಗಲ ಮಾಡಿದ್ದಾರೆಂದು ತಕರಾರು ತೆಗೆದಿದ್ದ. ಅಂದಿನಿಂದ ಅಕ್ಕ ಅವನ ಹಿಂದೆ ಕೂರುವುದನ್ನು ಬಿಟ್ಟಿದ್ದಳು. ಈಗ ಅವನ ಪರವಾಗಿ ಅಮೇರಿಕವೇ ನಿಂತಿತ್ತು.

ಎರಡು ವಾರದಲ್ಲಿ ಅವನು ಯಲ್ಲಾಪುರದ ಆಚೆ ಕಿರವತ್ತಿಗೆ ಹೋಗಿ, ಅಲ್ಲಿ ಢಾಬಾದ ಹಿಂದೆ ನಿಂತಿದ್ದ ಹಳೆಯ ಟೆಂಪೋ ಒಂದನ್ನು ಕೊಂಡುಕೊಂಡ. ಜೊತೆಗೆ ನಾನೂ ಹೋಗಿದ್ದೆ. ಏರು ಹತ್ತುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಮಾರುವವನು, "ಏರ ಅಂದ್ರ ಇದಕ್ಕ ಹಬ್ಬರೀ ಸಾಹೇಬ್ರ, ನೀವ ಹಿಡದ ನಿಂದರಸಬೇಕು" ಅಂದ. ನಿಲ್ಲಿಸುವ ವಿಷಯ ಕೇಳಲು ನನಗೆ ಆಗ ಹೊಳೆಯಲಿಲ್ಲ. ಕಾಗದಪತ್ರ ಎಲ್ಲ ಸರಿಯಿತ್ತು. ಕಾಗದಪತ್ರವನ್ನು ಸಪಾಟಾದ ಮೇಜಿನ ಮೇಲೆ ನೋಡುವುದು ವಾಡಿಕೆ.

ಗಾಡಿ ಬಂತು, ಜನ ಬರಲಿಲ್ಲ. ಕ್ರಾಸಿನಿಂದ ನಡೆಯಲಾರೆವೆಂದು ನಲವತ್ತು ವರ್ಷ ಗೊಣಗಿದವರಿಗೆಲ್ಲ ಇದ್ದಕ್ಕಿದ್ದಂತೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ತಿಳಿದುಬಂತು. ಭಾವ ಸೊಸೈಟಿಯ ಜಗಲಿಯಲ್ಲಿ ಸಭೆ ಕರೆದ. ಆಗಲೇ ಅವನು ಪೇಪರಿನಿಂದ ಇನ್ನೊಂದು ವಿಷಯ ಹೆಕ್ಕಿಟ್ಟುಕೊಂಡಿದ್ದ. ಆ ಖಾಸಗಿಯವರಿಗೆ ಒಂದು ಬಹುಮಾನ ಕಾದಿತ್ತು, ಅದಕ್ಕೆ ನಿಯಮವಿತ್ತು. ವಿಮಾನ ಮೂರು ಜನರನ್ನು ಹೊರುವಂತಿರಬೇಕು, ಆದರೆ ಪರೀಕ್ಷೆಗೆ ಮೂವರೂ ಕೂರಬೇಕಾಗಿಲ್ಲ. ಹಾರಿಸುವವನೊಬ್ಬ ಇದ್ದು, ಉಳಿದಿಬ್ಬರ ತೂಕದಷ್ಟು ಸಾಮಾನು ಇಟ್ಟರೆ ಸಾಕು. ಅದೇ ವಿಮಾನ ಎರಡು ವಾರದೊಳಗೆ ಎರಡು ಸಲ ಹೋಗಿ ಬರಬೇಕು. ನಮ್ಮಲ್ಲೂ ಹಾಗೇ ಮಾಡುವ, ಅಂದ ಭಾವ. ಹದಿನಾಲ್ಕು ಜನರ ತೂಕ ಹೇರಿ, ಎರಡು ವಾರದೊಳಗೆ ಎರಡು ಸಲ ಊರಿಗೆ ಹತ್ತಿಸುತ್ತೇನೆ. ಹತ್ತಿದರೆ ದಸರೆಯಿಂದ ನೀವೆಲ್ಲ ಕೂರಬೇಕು.

ಹತ್ತದಿದ್ದರೆ ಎಂದು ಸೊಸೈಟಿಯ ಅಧ್ಯಕ್ಷರು ಕೇಳಿದರು. ಭಾವ ಉತ್ತರಿಸುವ ಮೊದಲೇ ಒಳಬಾಗಿಲಲ್ಲಿ ನಿಂತಿದ್ದ ಅಕ್ಕ, "ಚಾವಿ ಎನ್ನ ಕೈಗೆ ಕೊಡವು. ಮತ್ತೆ ಜನ್ಮದಲ್ಲಿ ಯಾವ ಗಾಡಿನೂ ಮುಟ್ಟಲಾಗ" ಅಂದಳು. ಭಾವ ಒಪ್ಪಿದ. ಅವನು ಊಟ ಬಿಟ್ಟಾನು, ಮಾತು ಬಿಟ್ಟಾನು. ಸ್ಟೇರಿಂಗು ಬಿಟ್ಟು ಬದುಕುವುದನ್ನು ಯೋಚಿಸಿದವನೇ ಅಲ್ಲ. ಜಗಲಿಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದ್ದರಿಂದ ಎಲ್ಲರಿಗೂ ಪರೀಕ್ಷೆ ತುಂಬ ಇಷ್ಟವಾಯಿತು.

ತೂಕ ನನ್ನ ಪಾಲಿಗೆ ಬಂತು. ಸೊಸೈಟಿಯ ಕಾಟಾದ ಮೇಲೆ ಹದಿಮೂರು ಗಂಡಸರು ಒಬ್ಬೊಬ್ಬರಾಗಿ ಹತ್ತಿ ಇಳಿದರು. ಅಧ್ಯಕ್ಷರು ಶಾಲು ತೆಗೆದಿಟ್ಟು ಇನ್ನೊಮ್ಮೆ ಹತ್ತಿದರು. ಹೆಂಗಸರು ತೂಗಿಸಿಕೊಳ್ಳಲು ಒಪ್ಪಲಿಲ್ಲ. ಅವರೆಲ್ಲರ ಪರವಾಗಿ ಒಂದು ಚೀಲ ಅರವತ್ತು ಕಿಲೋ ಎಂದು ಇಟ್ಟೆ. ಅದು ತಮಗೆ ಹೆಚ್ಚಾಯಿತೆಂದು ಅವರಲ್ಲಿ ಮೂವರು ನನ್ನ ಹೆಂಡತಿಯ ಹತ್ತಿರ ಬೇಸರ ತೋಡಿಕೊಂಡರು.

ಚೀಲದಲ್ಲಿ ಏನು ತುಂಬುವುದೆಂಬ ಪ್ರಶ್ನೆಗೆ ಅರ್ಧ ದಿನ ಹೋಯಿತು. ಅಡಿಕೆ ಸಲಹೆ ಮಾಡಿದವನನ್ನು ಎಲ್ಲರೂ ದುರುಗುಟ್ಟಿ ನೋಡಿದರು. ಗಾಡಿ ಉರುಳಿದರೆ ಅಡಿಕೆಯ ಗತಿಯೇನು? ಭತ್ತವೂ ಬೇಡವೆಂದಾಯಿತು. ಕೊನೆಗೆ ಹಳ್ಳದ ಮರಳು ತುಂಬಿದೆವು. ಗಾಡಿಯೊಳಗೆ ಭಾವ ಇರುತ್ತಾನೆಂಬುದನ್ನು ಆ ಚರ್ಚೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಗೋಣಿಚೀಲಗಳನ್ನು ಮನೆಮನೆಯಿಂದ ತಂದು, ಹೊಲಿದು, ಮೇಲೆ ಸುಣ್ಣದಲ್ಲಿ ನಂಬರು ಹಾಕಿದೆ. ಒಂದನೇ ನಂಬರು ಅಧ್ಯಕ್ಷರು, ನಾಲ್ಕು ಪುರೋಹಿತರು, ಒಂಬತ್ತು ನಾನು, ಐವತ್ತೆರಡೂವರೆ ಕಿಲೋ. ಸೀಟಿನ ಮೇಲೆ ಚೀಲ ಜೋಡಿಸುವಾಗ ಒಬ್ಬ ಬಂದು ತನ್ನ ಚೀಲವನ್ನು ಕಿಟಕಿಯ ಬದಿಗೆ ಇಡಬೇಕೆಂದ. ಇಬ್ಬರು ಜಾಗದ ತಂಟೆಯಲ್ಲಿ ಮಾತುಬಿಟ್ಟವರಾಗಿದ್ದರಿಂದ ಅವರ ಚೀಲಗಳನ್ನು ದೂರ ದೂರ ಕೂರಿಸಬೇಕಾಯಿತು.

ಪುರೋಹಿತರದ್ದು ಬೇರೆ ಅಡ್ಡಿ. ಆಗ ಪಿತೃಪಕ್ಷ ನಡೆಯುತ್ತಿತ್ತು. ಹೊಸ ಕೆಲಸ ಯಾವುದನ್ನೂ ಶುರುಮಾಡುವಂತಿಲ್ಲ. ಅವರೇ ಅದಕ್ಕೊಂದು ದಾರಿಯನ್ನೂ ಹುಡುಕಿಕೊಟ್ಟರು. ಗಾಡಿಯಲ್ಲಿ ಮನುಷ್ಯರಿಲ್ಲ, ಬರೀ ಮರಳು. ಆದ್ದರಿಂದ ಇದು ಶುರು ಅಲ್ಲ. ಡ್ರೈವರು ಮನುಷ್ಯನಲ್ಲವೇ ಎಂದು ಯಾರೋ ಕೇಳಿದಾಗ ಅವರು ಸ್ವಲ್ಪ ಯೋಚಿಸಿ, "ಅಂವ ಗಾಡಿ ಲೆಕ್ಕಕ್ಕೆ ಬತ್ತ" ಅಂದರು.

ಮೊದಲನೆಯ ಪರೀಕ್ಷೆ ಒಂದು ಭಾನುವಾರ ಆಯಿತು. ಅದರ ಹಿಂದಿನ ವಾರದಲ್ಲೇ ಅಮೇರಿಕದವರ ಬಹುಮಾನದ ಮೊದಲ ಹಾರಾಟವೂ ಆಗಿತ್ತು. ಮೇಲೆ ಹೋಗುತ್ತ ಆ ವಿಮಾನ ಬುಗುರಿಯಂತೆ ಗಿರಗಿರ ತಿರುಗಿತು, ಆದರೂ ಅರವತ್ತು ದಾಟಿದ ಅದೇ ಮನುಷ್ಯ ಸುರಕ್ಷಿತವಾಗಿ ಇಳಿಸಿದ ಎಂದು ಪೇಪರಿನಲ್ಲಿ ಬಂದಿತ್ತು. ಭಾವನ ಟೆಂಪೋ ಅಷ್ಟೇನೂ ಆಟ ಆಡಲಿಲ್ಲ. ನರಳಿತು, ಹೊಗೆ ಬಿಟ್ಟಿತು, ಮೊದಲನೇ ತಿರುವಿನಲ್ಲಿ ಒಮ್ಮೆ ನಿಂತು ಯೋಚನೆ ಮಾಡಿತು. ಕ್ರಾಸಿನಿಂದ ಊರಿಗೆ ಹದಿನೇಳು ನಿಮಿಷ. ಜನ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಚೀಲ ಮುಟ್ಟಿ ನೋಡಿದರು.

ನಡುವಿನ ಆ ಒಂದು ವಾರದಲ್ಲಿ ನಡೆದ ಎರಡು ಸಂಗತಿಗಳನ್ನು ಬರೆಯಬೇಕು.

ಒಂದು, ಗೋಣಿಚೀಲ. ಅಡಿಕೆ ಕೊಯ್ಲು ಹತ್ತಿರ ಬಂದಿತ್ತು. ಒಳ್ಳೆಯ ಗೋಣಿಚೀಲವನ್ನು ಮರಳು ತುಂಬಿ ಹಾಳುಮಾಡುವುದು ಯಾರ ಮನಸ್ಸಿಗೂ ಒಗ್ಗಲಿಲ್ಲ. ಮಂಗಳವಾರದ ಹೊತ್ತಿಗೆ ಮರಳನ್ನು ಸುರಿದು ಚೀಲಗಳನ್ನು ಒಬ್ಬೊಬ್ಬರಾಗಿ ಮನೆಗೆ ಒಯ್ದರು. ಬದಲಿಗೆ ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ ತಂದುಕೊಟ್ಟರು. ನಾನು ಅದೇ ಮರಳು ತುಂಬಿ, ಅದೇ ತೂಕ ಮಾಡಿ, ಅದೇ ನಂಬರು ಹಾಕಿದೆ. ಕಾಲು ಕಿಲೋ ವ್ಯತ್ಯಾಸವಿರಲಿಲ್ಲ. ಗೋಣಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಜಾರುತ್ತದೆ. ಇಪ್ಪತ್ತಾರು ವರ್ಷ ಎರಡನ್ನೂ ಅಟ್ಟಿ ಹಾಕಿಸಿದವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ತೂಕ ಸರಿಯಿತ್ತು, ನಾನು ತೂಕವನ್ನಷ್ಟೇ ನೋಡಿದೆ.

ಎರಡು, ಪೇಪರು. ಅಮೇರಿಕದವರು ಆ ಸೋಮವಾರವೇ ಎರಡನೇ ಸಲ ಹಾರಿ ಬಹುಮಾನ ಗೆದ್ದರು. ಆದರೆ ಈ ಸಲ ಹಾರಿಸಿದವನು ಬೇರೆ, ವಯಸ್ಸಿನಲ್ಲಿ ಚಿಕ್ಕವನು. ಆ ದಿನದ ಪೇಪರನ್ನು ಭಾವ ಜಗಲಿಯಲ್ಲಿ ಓದಲಿಲ್ಲ, ಮನೆಗೆ ಒಯ್ದ. ಅಕ್ಕ ಅದನ್ನು ಮೊಸರಿನ ಗಡಿಗೆಯ ಕೆಳಗೆ ಹಾಸುವ ಮೊದಲು ಪೂರ್ತಿ ಓದಿದಳೆಂದು ನನಗೆ ತಿಳಿದದ್ದು ಆಮೇಲೆ.

ಎರಡನೆಯ ಪರೀಕ್ಷೆಯ ದಿನ ಊರಿನವರೆಲ್ಲ ಮೇಲೆ, ದೇವಸ್ಥಾನದ ಬಯಲಿನಲ್ಲಿ ಕಾಯುತ್ತಿದ್ದರು. ತಿರುವಿನಲ್ಲಿ ನಾನು. ಕಂಬದ ಮೇಲೆ ಲೈನ್‌ಮನ್ ಇದ್ದ; ಹಿಂದಿನ ದಿನದ ಗಾಳಿಗೆ ತಂತಿಯ ಮೇಲೆ ಬಿದ್ದಿದ್ದ ಟೊಂಗೆ ಬಿಡಿಸುತ್ತಿದ್ದ. ಹಾವೇರಿ ಕಡೆಯ ಮನುಷ್ಯ. ನಮ್ಮ ಪರೀಕ್ಷೆಯ ಕಥೆ ಕೇಳಿ, "ಮಂದೀನ ಕೂರಸಬೇಕಂತ ಮಣ್ಣ ಕೂರಸ್ತೀರಿ? ಚೊಲೊ ಊರ ಬಿಡ್ರೀ" ಎಂದು ಮೇಲಿನಿಂದ ನಕ್ಕಿದ್ದ. ಆಮೇಲೆ ಅಕ್ಕ ಬಂದಳು. ತಾನು ಪರೀಕ್ಷೆ ನೋಡಲು ಬಂದಿಲ್ಲ, ಬಾಳೆ ಎಲೆ ಕೊಯ್ಯಲು ಬಂದದ್ದು ಅಂದಳು. ಆ ತಿರುವಿನ ಸುತ್ತ ಅರ್ಧ ಮೈಲಿಯಲ್ಲಿ ಬಾಳೆ ಇರಲಿಲ್ಲ.

ಒಂಬತ್ತು ಐವತ್ತಕ್ಕೆ ಗಾಡಿಯ ಮೂತಿ ಕಂಡಿತು. ಭಾವ ಗಾಡಿಯನ್ನು ಚೆನ್ನಾಗಿಯೇ ತಂದ, ಅದನ್ನು ಹೇಳಲೇಬೇಕು. ರಸ್ತೆಯ ಎಡ ಅಂಚು ಆ ಮಳೆಗಾಲದಲ್ಲಿ ಕೊರೆದುಹೋಗಿತ್ತು. ಹೊರಳುವಾಗ ಎಡಗಡೆಯ ಹಿಂದಿನ ಚಕ್ರ ಆ ಕೊರಕಲಿಗೆ ಇಳಿಯಿತು. ಹಿಂದಿನ ವಾರವೂ ಇಳಿದಿತ್ತು, ಇಳಿದು ಎದ್ದಿತ್ತು. ಈ ಸಲ ಗಾಡಿ ಎಡಕ್ಕೆ ವಾಲಿದ ಕೂಡಲೇ ಒಳಗಿನ ಚೀಲಗಳೆಲ್ಲ ಒಟ್ಟಿಗೆ ಎಡಕ್ಕೆ ಜಾರಿದವು. ಅದರ ಸದ್ದು ನನಗೆ ಈಗಲೂ ಕೇಳುತ್ತದೆ. ದೊಡ್ಡ ಸದ್ದಲ್ಲ. ಜಮಖಾನೆ ಎಳೆದ ಹಾಗೆ.

ಬಲಗಡೆಯ ಹಿಂದಿನ ಚಕ್ರ ಮೊದಲು ನೆಲ ಬಿಟ್ಟಿತು, ಆಮೇಲೆ ಮುಂದಿನದು. ಚಕ್ರಕ್ಕೂ ನೆಲಕ್ಕೂ ನಡುವೆ ಒಂದು ಗೇಣು. ಆ ಸಂದಿನಲ್ಲಿ ಆಚೆ ಕಡೆಯ ಬೆಳಕು ಕಂಡಿತು. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇತ್ತು. ಭಾವನ ಮುಖ ನನಗೆ ಕಾಣಲಿಲ್ಲ, ಸ್ಟೇರಿಂಗ್ ಹಿಡಿದ ಎರಡು ಕೈ ಕಂಡವು. ನಾನು ಕೂಗಲಿಲ್ಲ, ಓಡಲಿಲ್ಲ. ಗಡಿಯಾರ ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಗ ಎಡಗಡೆಯ ಬಾಗಿಲು ಚೀಲಗಳ ಭಾರಕ್ಕೆ ಕಿತ್ತು ತೆರೆದುಕೊಂಡಿತು. ಮೂರು ಚೀಲ ಹೊರಗೆ ಬಿದ್ದವು. ಅಷ್ಟು ಭಾರ ಇಳಿದದ್ದೇ ಗಾಡಿ ನಡುಗಿ, ಬಲಗಡೆಯ ಚಕ್ರಗಳನ್ನು ಧಡಕ್ಕನೆ ನೆಲಕ್ಕೆ ಹಾಕಿತು. ಭಾವ ನಿಲ್ಲಿಸಲಿಲ್ಲ. ಅಲ್ಲಿ ನಿಲ್ಲಿಸಿದ್ದರೆ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಬಾಗಿಲು ಬಡಿದುಕೊಳ್ಳುತ್ತಿದ್ದ ಗಾಡಿಯನ್ನು ಹಾಗೇ ಮೇಲಕ್ಕೆ ಒಯ್ದ.

ಬಿದ್ದ ಚೀಲಗಳ ಪೈಕಿ ಎರಡು ಪೊದೆಗೆ ಸಿಕ್ಕಿ ನಿಂತಿದ್ದವು. ಮೂರನೆಯದು ಕೆಳಗಿನ ಬಂಡೆಯ ಮೇಲೆ ಒಡೆದು, ಮರಳೆಲ್ಲ ಸುರಿದುಹೋಗಿತ್ತು. ನಾನು ಅಂಚಿಗೆ ಹೋಗಿ ಬಗ್ಗಿ ನಂಬರು ನೋಡಿದೆ. ಒಂಬತ್ತು.

ಅಕ್ಕ ಕೂತುಬಿಟ್ಟಿದ್ದಳು. ಎದ್ದು ಸೆರಗು ಕೊಡವಿಕೊಂಡು, "ಚೀಲಕ್ಕೆ ಹೆದ್ರಿಕೆ ಇಲ್ಲೆ, ಅದ್ಕೇ ಜಾರಿದ್ದು. ಮನುಷ್ಯ ಆಗಿದ್ರೆ ಕಂಬಿ ಹಿಡ್ಕತ್ತಿದ್ದ" ಅಂದಳು. ಅದು ಗಂಡನ ಪರವಾಗಿ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಪರೀಕ್ಷೆಯ ಲೆಕ್ಕ ಬರೆಯಲು ನನ್ನ ಕೈಗೆ ಕೊಟ್ಟಿದ್ದ ಪುಸ್ತಕದಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ಗಾಡಿ ಮೇಲೆ ಬಂತು ಹೇಳಿ ಬರಿ, ತಮಾ. ಬಂದಿದ್ದು ಹೌದಲ್ದಾ?"

ಮೇಲಿನಿಂದ ಲೈನ್‌ಮನ್, ಯಾರೂ ಕೇಳದಿದ್ದರೂ, "ನಾ ತಂತಿ ನೋಡಾಕತ್ತಿದ್ನ್ರಿ, ಕೆಳಗಿಂದು ನನಗ ಗೊತ್ತಿಲ್ರಿ" ಅಂದ. ಇಳಿದು ಬಂದವನು ರಸ್ತೆಯ ಎಡ ಅಂಚನ್ನು ಬಿಟ್ಟು, ದರೆಗೆ ಒತ್ತಿಕೊಂಡೇ ಕೆಳಗೆ ನಡೆದ.

ನಾನು ಬಯಲು ಮುಟ್ಟುವಷ್ಟರಲ್ಲಿ ಅಲ್ಲಿ ವಾದ ಶುರುವಾಗಿತ್ತು. ಹದಿನಾಲ್ಕು ಹೊರಟು ಹನ್ನೊಂದು ತಲುಪಿದರೆ ಅದು ಪಾಸೋ ಫೇಲೋ? ಬಾಗಿಲಿನ ಚಿಲಕ ಸಡಿಲವಿತ್ತು ಎಂದು ಭಾವ ಹೇಳಿದ್ದ. ಅಧ್ಯಕ್ಷರು ತಮ್ಮ ಚೀಲ ಸುರಕ್ಷಿತವಾಗಿ ಬಂದದ್ದನ್ನು ನೋಡಿಕೊಂಡು, ಯಾವ ಗಾಡಿಯಲ್ಲೇ ಆಗಲಿ ನಡುವೆ ಇಳಿಯುವವರು ಇರುತ್ತಾರೆ, ಆ ಮೂವರು ಅಲ್ಲಿ ಇಳಿದರು ಎಂದೇ ತಿಳಿಯಬೇಕು ಎಂದು ತೀರ್ಪು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ತಿರುವಿನಲ್ಲಿ ಏನಾಯಿತೆಂದು ಕೇಳಿದರು. ಭಾವ ನನ್ನನ್ನು ನೋಡಲಿಲ್ಲ. ಗಾಡಿಯ ಗಾಜು ಒರೆಸುತ್ತಿದ್ದ.

"ಬಾಗಿಲು ತೆಕ್ಕಂಡ್ತು" ಅಂದೆ.

ಅದು ಸುಳ್ಳಲ್ಲ. ಪುಸ್ತಕದಲ್ಲಿ ಬರೆದೆ: ಗಾಡಿ ಒಂಬತ್ತು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ಊರು ತಲುಪಿತು. ಅದೂ ಸುಳ್ಳಲ್ಲ. ಖಾಸಗಿ ಯಾನ ಯಶಸ್ವಿಯಾಯಿತು.

ನವಮಿಯ ದಿನ ಆಯುಧಪೂಜೆ. ಟೆಂಪೋಗೆ ಚೆಂಡುಹೂವಿನ ಮಾಲೆ ಹಾಕಿ, ಚಾವಿಯನ್ನು ದೇವರ ಮುಂದೆ ಕತ್ತಿ, ಕೊಡಲಿಗಳ ಸಾಲಿನಲ್ಲಿ ಇಟ್ಟರು. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ. ದಶಮಿ ಬೆಳಗ್ಗೆ ಸಿದ್ದಾಪುರಕ್ಕೆ ಮೊದಲ ಟ್ರಿಪ್ಪು. ಹದಿನಾಲ್ಕು ಜನ, ಈ ಸಲ ಮರಳಲ್ಲ, ಇಸ್ತ್ರಿ ಬಟ್ಟೆ ಹಾಕಿಕೊಂಡು ಅಂಗಳಕ್ಕೆ ಬಂದರು. ಎಲ್ಲರ ಕತ್ತಿ ದೇವರ ಮುಂದಿನಿಂದ ಹೊರಗೆ ಬಂದಿತ್ತು, ಚಾವಿ ಬಂದಿರಲಿಲ್ಲ. ಅದು ಅಕ್ಕನ ಸೊಂಟದಲ್ಲಿತ್ತು.

"ಚಾವಿ ಕೊಡ್ತಿಲ್ಲೆ" ಅಂದಳು. "ಅಮೇರಿಕದವ್ರೂ ಎರಡ್ನೇ ಸಲಕ್ಕೆ ಮುದುಕಂಗೆ ಕೊಟ್ಟಿದ್ವಿಲ್ಲೆ. ಪೇಪರಲ್ಲಿ ಬೈಂದು, ಬೇಕಾದ್ರೆ ನೋಡ್ಕಳಿ."

ತಿರುವಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಅಂಗಳದಲ್ಲಿದ್ದವರು ಬೇಡಿದರು, ನ್ಯಾಯ ಹೇಳಿದರು, ಎರಡು ಸಲ ಪಾಸಾದ ಗಂಡನನ್ನು ಹೆಂಡತಿ ಫೇಲು ಮಾಡುವುದು ಎಲ್ಲಿಯ ಪದ್ಧತಿ ಎಂದು ಕೇಳಿದರು. ಭಾವ ಸಿಟ್ಟಾಗುತ್ತಾನೆಂದು ನಾನು ಕಾದೆ. ಅವನು ಬನಿಯನ್ನಿನಲ್ಲೇ ಜಗಲಿಯ ಮೇಲೆ ಕೂತು, ಹೆಂಗಸರ ಹಟಕ್ಕೆ ಏನು ಮಾಡುವುದು ಎಂಬಂತೆ ಕೈ ಅಲ್ಲಾಡಿಸಿದ. ಹೊಸ ಅಂಗಿಯನ್ನೂ ಹಾಕಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ಅರ್ಥವಾಗಲಿಲ್ಲ.

ಟೆಂಪೋ ಕೆಲವು ತಿಂಗಳು ನಿಂತು, ಕಿರವತ್ತಿಗೇ ವಾಪಸಾಯಿತು. ಊರಿನವರು ಮತ್ತೆ ಕ್ರಾಸಿಗೆ ನಡೆದರು. ಆದರೆ ಈಗ ನಡೆಯುವುದಕ್ಕೆ ಒಂದು ಕಾರಣ ಸಿಕ್ಕಿತ್ತು, ಅಕ್ಕ. ಊಟದ ಮನೆಗಳಲ್ಲಿ ಹೆಂಗಸರು "ನಿಂಗಳ ಗಾಡಿ ಎಷ್ಟೊತ್ತಿಗೆ ಹೊರಡ್ತು ಅಕ್ಕಾ?" ಎಂದು ಕೇಳಿ, ಎಲೆಯ ಮೇಲೆ ಬಗ್ಗಿ ನಗುತ್ತಿದ್ದರು. ಎರಡು ಸಲ ಏರು ಗೆದ್ದ ಡ್ರೈವರು ಎಂದು ಭಾವನಿಗೆ ಮರ್ಯಾದೆ ಹೆಚ್ಚಾಯಿತು. ಅಕ್ಕ ಬಡಿಸಿದ್ದನ್ನು ಉಂಡು ಎದ್ದು ಬರುತ್ತಿದ್ದಳು.

ಭಾವ ತೀರಿಕೊಳ್ಳುವ ಹಿಂದಿನ ವರ್ಷ, ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೇ ಕೂತಿದ್ದಾಗ, ಎದುರಿನ ಬಸ್ಸುಗಳನ್ನು ನೋಡುತ್ತ ಕೇಳಿದ: "ಎಷ್ಟು ಎತ್ತಿತ್ತು?"

ಯಾವುದು ಎಂದು ನಾನು ಕೇಳಲಿಲ್ಲ. "ಒಂದು ಗೇಣು" ಅಂದೆ.

"ಆನು ಒಂದು ಮೊಳ ಅಂದ್ಕಂಡಿದ್ದೆ." ಆಮೇಲೆ, "ನಿನ್ನ ಅಕ್ಕಂಗೆ ಹೇಳಡ. ಹೆದರ್ತು ಅದು" ಅಂದ.

ಅವಳು ನೋಡಿದ್ದಾಳೆಂದು ಅವನಿಗೆ ಹೇಳುವ ಬಾಯಿ ನನಗೆ ಬರಲಿಲ್ಲ. ಚಕ್ರ ಎದ್ದದ್ದು ಅವನಿಗೂ ಗೊತ್ತಿತ್ತೆಂದು ಅಕ್ಕನಿಗೂ ಹೇಳಲಿಲ್ಲ. ಅವಳು ಗಂಡನ ಮರ್ಯಾದೆ ಉಳಿಸಲು ಬೈಸಿಕೊಂಡಳು. ಗಂಡ ಬೈಸಲು ಬಿಟ್ಟ. ತಮ್ಮನಾದವನು ಪುಸ್ತಕದಲ್ಲಿ ವೇಳೆ ಬರೆದ. ಮೂವರಲ್ಲಿ ಇಬ್ಬರು ಗಂಡಸರು ಎಷ್ಟು ಸುಖವಾಗಿದ್ದೆವೆಂಬುದನ್ನು ತೂಗುವ ಕಾಟಾ ಸೊಸೈಟಿಯಲ್ಲಿರಲಿಲ್ಲ.

ಆದ್ದರಿಂದ ಈಗ ಪೂರ್ತಿ ಬರೆಯುತ್ತೇನೆ. ಆ ದಿನ ಬಲಗಡೆಯ ಎರಡೂ ಚಕ್ರ ನೆಲ ಬಿಟ್ಟಿದ್ದವು. ಜನ ಕೂತಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಚಾವಿ ಇಟ್ಟುಕೊಂಡವಳು ಹಟಕ್ಕೆ ಇಟ್ಟುಕೊಂಡದ್ದಲ್ಲ, ಕಂಡು ಇಟ್ಟುಕೊಂಡದ್ದು. ಅದನ್ನು ಕಣ್ಣಾರೆ ಕಂಡವರು ಮೂವರು, ಮೂವರೂ ಬದುಕಿದ್ದೇವೆ: ಕಂಬದ ಮೇಲಿದ್ದ ಲೈನ್‌ಮನ್, ಈಗ ನಿವೃತ್ತನಾಗಿ ಬನವಾಸಿಯ ಹತ್ತಿರ ಮಗಳ ಮನೆಯಲ್ಲಿದ್ದಾನೆ, ಕಂಬದ ಬುಡದಲ್ಲಿದ್ದ ನಾನು, ಮತ್ತು ನನ್ನ ಅಕ್ಕ.